ಹೆಣೆದಾಯ್ತು, ಇನ್ನು ಜೋಡಿಸುವುದು ಹೇಗೆ?

ಬೆನ್ನಿನ ಭಾಗ ಆಯ್ತು, ಎದೆಯ ಭಾಗ ಆಯ್ತು, ಎರಡು ತೋಳೂ ಆಯ್ತು. ಆದರೂ ಸ್ವೆಟರ್ ಆಗಿಲ್ಲ. ನಾಲ್ಕು ತುಂಡುಗಳು ಒಂದು ತೊಟ್ಟೆಯೊಳಗೆ, ಆ ತೊಟ್ಟೆ ಕಪಾಟಿನೊಳಗೆ. ಉಡುಪಿಯಲ್ಲಿ ನನ್ನ ಹತ್ತಿರ ಹೆಣಿಗೆ ಕಲಿಯಲು ಬರುವವರು ಹೊಸ ಡಿಸೈನಿಗಿಂತ ಹೆಚ್ಚಾಗಿ ಕೇಳುವುದು ಇದನ್ನೇ: ಇಷ್ಟು ಚೆಂದ ಹೆಣೆದದ್ದು ಹೊಲಿದ ಮೇಲೆ ಯಾಕೆ ಹೀಗೆ ಮುದುಡುತ್ತದೆ? ಬೆಂಗಳೂರಿನ ಮೊಮ್ಮಗನಿಗೆಂದೋ, ಕೆನಡಾದಲ್ಲಿರುವ ಮಗಳಿಗೆಂದೋ, ಬಾಣಂತನಕ್ಕೆ ಬರುವವಳ ಕೂಸಿಗೆಂದೋ ಎರಡು ತಿಂಗಳು ಕೂತು ಹೆಣೆದದ್ದನ್ನು ಕಡೆಯ ಒಂದು ಸಂಜೆಯಲ್ಲಿ ಅವಸರದಿಂದ ಹೊಲಿದು ಕೆಡಿಸಿಕೊಂಡವರನ್ನು ನೋಡಿ ನನಗೆ ನಿಜವಾಗಿ ಸಂಕಟವಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಜೋಡಣೆಗೆ ಎರಡು ಮೂರು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅದರಲ್ಲಿ ಅರ್ಧದಷ್ಟು ಸಮಯ ಹೊಲಿಗೆಗಲ್ಲ, ತೊಳೆದು ಹರವಿ ಒಣಗಿಸುವುದಕ್ಕೆ. ಒಣಗದ ತುಂಡನ್ನು, ಹದ ಮಾಡದ ತುಂಡನ್ನು ಯಾರು ಹೊಲಿದರೂ ಸರಿಯಾಗುವುದಿಲ್ಲ. ನಮ್ಮ ಕರಾವಳಿಯ ತೇವದಲ್ಲಂತೂ ಇದು ಇನ್ನೂ ಹೆಚ್ಚು ನಿಜ.

ಕೆಲವು ಪದಗಳು

ಕಡ್ಡಿಯ ಮೇಲೆ ಇರುವ ಒಂದೊಂದು ಸುತ್ತನ್ನು ಇಲ್ಲಿ ಕುಣಿಕೆ ಎನ್ನುತ್ತೇನೆ, ಅಡ್ಡಕ್ಕೆ ಹೋಗುವುದನ್ನು ಸಾಲು ಎನ್ನುತ್ತೇನೆ. ಹೊರಗೆ ಕಾಣುವ ಬದಿ ಸೀದಾ, ಒಳಬದಿ ಉಲ್ಟಾ; ಕುಣಿಕೆ ಹೆಣೆಯುವ ಎರಡು ಬಗೆಗೂ ಇವೇ ಹೆಸರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದಾಗ ಸೀದಾ ಬದಿಯಲ್ಲಿ ಜಡೆಯ ಹಾಗೆ ಮೇಲಿಂದ ಕೆಳಗೆ ಸಾಲುಗಟ್ಟಿ ಕಾಣುವ ಹೆಣಿಗೆಗೆ ಸ್ಟಾಕಿಂಗ್ ಹೆಣಿಗೆ ಎಂದು ಹೆಸರು. ಎಲ್ಲ ಸಾಲೂ ಸೀದಾ ಹೆಣೆದರೆ ಎರಡೂ ಬದಿಗೆ ದಿಣ್ಣೆ ದಿಣ್ಣೆಯಾಗಿ ಬರುತ್ತದೆ, ಅದು ಗಾರ್ಟರ್. ಸೊಂಟ, ಮಣಿಕಟ್ಟಿನಲ್ಲಿ ಹಿಗ್ಗಿ ಕುಗ್ಗುವ ಪಟ್ಟಿಯೇ ರಿಬ್. ತುಂಡುಗಳನ್ನು ನೆನೆಸಿ, ಅಳತೆಗೆ ಹರವಿ, ಹಾಗೇ ಒಣಗಲು ಬಿಡುವ ಕೆಲಸಕ್ಕೆ ಬ್ಲಾಕಿಂಗ್ ಎನ್ನುತ್ತಾರೆ.

ಬೇಕಾಗುವ ಸಾಮಾನು

ದೊಡ್ಡ ಕಣ್ಣಿನ, ಮೊಂಡು ಮೂತಿಯ ಸೂಜಿ ಒಂದು. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೋ ಫ್ಯಾನ್ಸಿ ಅಂಗಡಿಯಲ್ಲೋ "ಸ್ವೆಟರ್ ಹೊಲಿಯುವ ಸೂಜಿ" ಎಂದು ಕೇಳಿದರೆ ಕೊಡುತ್ತಾರೆ. ಮೂತಿ ಚೂಪಾಗಿದ್ದರೆ ನೂಲಿನ ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ. ಆಮೇಲೆ ಬಿಚ್ಚಬೇಕೆಂದರೆ ಬಿಚ್ಚಲಾಗದು.

ಸ್ಟೇನ್‌ಲೆಸ್ ಗುಂಡುಸೂಜಿಗಳು, ನಾಲ್ಕೈದು ಪಿನ್ನು, ಟೇಪು, ಕತ್ತರಿ, ಎರಡು ದಪ್ಪ ಬೈರಾಸು, ಒಂದು ಚಾಪೆ ಅಥವಾ ಮಕ್ಕಳ ಫೋಮ್ ಮ್ಯಾಟ್. ಗುಂಡುಸೂಜಿ ಸ್ಟೇನ್‌ಲೆಸ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಜುಲೈಯಲ್ಲಿ ಕೂಸಿನ ಬಿಳಿ ಸ್ವೆಟರಿಗೆ ಮನೆಯಲ್ಲಿದ್ದ ಸಾದಾ ಗುಂಡುಸೂಜಿ ಚುಚ್ಚಿ ಒಣಗಲು ಇಟ್ಟಿದ್ದೆ. ಮೂರನೆಯ ದಿನ ತೆಗೆಯುವಾಗ ಅಂಚಿನುದ್ದಕ್ಕೂ ತುಕ್ಕಿನ ಚುಕ್ಕೆ. ಅದು ಹೋಗಲೇ ಇಲ್ಲ, ಅಂಚನ್ನು ಬಿಚ್ಚಿ ಪುನಃ ಹೆಣೆಯಬೇಕಾಯಿತು.

ಹೊಲಿಯುವ ನೂಲು ಹೆಣೆದ ನೂಲೇ ಆಗಿದ್ದರೆ ಒಳ್ಳೆಯದು. ಆದರೆ ನೂಲು ತುಂಬ ದಪ್ಪವಿದ್ದರೆ, ರೋಮ ರೋಮವಾಗಿದ್ದರೆ, ಗಂಟುಗಂಟಿನ ಫ್ಯಾನ್ಸಿ ನೂಲಾಗಿದ್ದರೆ ಅದೇ ಬಣ್ಣದ ತೆಳು, ನಯವಾದ ನೂಲು ತೆಗೆದುಕೊಳ್ಳಿ. ಜಾತಿ ಮಾತ್ರ ಬದಲಾಗಬಾರದು: ಉಣ್ಣೆಗೆ ಉಣ್ಣೆ, ಅಕ್ರಿಲಿಕ್‌ಗೆ ಅಕ್ರಿಲಿಕ್, ಹತ್ತಿಗೆ ಹತ್ತಿ. ಉಣ್ಣೆಯ ಬಟ್ಟೆಯನ್ನು ಹತ್ತಿ ದಾರದಲ್ಲಿ ಹೊಲಿದರೆ ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ.

ನಿಮ್ಮ ನೂಲು ಯಾವುದೆಂದು ಲೇಬಲ್ ನೋಡಿ ತಿಳಿದುಕೊಳ್ಳಿ. ಅಂಗಡಿಯಲ್ಲಿ ಎಲ್ಲದಕ್ಕೂ "ಉಲನ್" ಎಂದೇ ಹೇಳುತ್ತಾರೆ, ಆದರೆ ಅಗ್ಗದ ಉಂಡೆಗಳಲ್ಲಿ ಹೆಚ್ಚಿನವು ಶುದ್ಧ ಅಕ್ರಿಲಿಕ್. ಲೇಬಲ್ ಕಳೆದುಹೋಗಿದ್ದರೆ ಒಂದು ಚೂರು ನೂಲನ್ನು ಚಿಮಟಿಗೆಯಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಗೆ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಆ ಮಣಿ ಪೂರ್ತಿ ತಣಿಯುವ ತನಕ ಮುಟ್ಟಬೇಡಿ.

ಹಂತ 1: ಹೊಲಿಯುವ ಮುಂಚೆ ಎಣಿಸಿ

ಎದೆಯ ಭಾಗ, ಬೆನ್ನಿನ ಭಾಗ ಎರಡನ್ನೂ ಮೇಜಿನ ಮೇಲಿಟ್ಟು ಅಡಿಯಿಂದ ಕಂಕುಳಿನವರೆಗೆ ಸಾಲು ಎಣಿಸಿ. ಟೇಪನ್ನು ನಂಬಬೇಡಿ. ಹೆಣೆದ ಬಟ್ಟೆ ಎಳೆದಷ್ಟು ಉದ್ದ ಬರುತ್ತದೆ, ಸಾಲಿನ ಸಂಖ್ಯೆ ಬದಲಾಗುವುದಿಲ್ಲ. ಎರಡು ತೋಳಿನದೂ ಹಾಗೆಯೇ. ಒಂದೆರಡು ಸಾಲಿನ ವ್ಯತ್ಯಾಸವನ್ನು ಹೊಲಿಗೆಯಲ್ಲಿ ಸರಿಮಾಡಬಹುದು. ಆರು ಸಾಲು ಹೆಚ್ಚುಕಡಿಮೆಯಾಗಿದ್ದರೆ ಮನಸ್ಸು ಗಟ್ಟಿ ಮಾಡಿ ಬಿಚ್ಚಿ. ಆಮೇಲೆ ಬಿಚ್ಚುವುದಕ್ಕಿಂತ ಈಗ ಬಿಚ್ಚುವುದು ಸುಲಭ.

ಇನ್ನೂ ಹೆಣೆಯುತ್ತಿರುವವರಿಗೆ ಇಲ್ಲೇ ಮೂರು ವಿಷಯ. ಎರಡೂ ಅಂಚಿಗೆ ಒಂದೊಂದು ಕುಣಿಕೆ ಹೆಚ್ಚಿಗೆ ಹಾಕಿಕೊಳ್ಳಿ; ಅದು ಹೊಲಿಗೆಯೊಳಗೆ ಹೋಗುವ ಅಂಚು. ಹೊಲಿಯುವ ಅಂಚಿನಲ್ಲಿ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸುವ ಅಭ್ಯಾಸ ಬಿಡಿ. ಶಾಲಿನ ಅಂಚಿಗೆ ಅದು ಚೆಂದ, ಆದರೆ ಹೊಲಿಗೆಗೆ ಬೇಕಾದ ಎಳೆಗಳು ಅದರಿಂದ ಅರ್ಧಕ್ಕೆ ಇಳಿದು ಸಂದಿ ಬೀಳುತ್ತದೆ. ಹೊಸ ಉಂಡೆಯನ್ನು ಯಾವಾಗಲೂ ಸಾಲಿನ ತುದಿಯಲ್ಲಿ ಸೇರಿಸಿ, ಎದೆಯ ನಡುವೆ ಬೇಡ. ತುದಿಯಲ್ಲಿ ಸೇರಿಸಿದ ನೂಲನ್ನು ಹೊಲಿಗೆಯೊಳಗೆ ಅಡಗಿಸಬಹುದು.

ಹಂತ 2: ತೊಳೆದು, ಹರವಿ, ಒಣಗಿಸುವುದು

ಹೆಚ್ಚಿನವರು ಹಾರಿಸುವ ಹಂತ ಇದೇ. ಅಂಚು ಸುರುಳಿ ಸುತ್ತಿಕೊಂಡ ತುಂಡಿನಲ್ಲಿ ಹೊಲಿಗೆಯ ದಾರಿ ಕಾಣುವುದೇ ಇಲ್ಲ. ತೊಳೆದು ಹರವಿದ ಮೇಲೆ ಕುಣಿಕೆಗಳು ಒಂದಕ್ಕೊಂದು ಸಮ ಆಗುತ್ತವೆ, ಅಂಚು ಮಲಗುತ್ತದೆ.

ಬಕೆಟ್ಟಿನಲ್ಲಿ ತಣ್ಣೀರಿಗೆ ಸ್ವಲ್ಪ ಮೃದು ಸೋಪಿನ ದ್ರವ ಹಾಕಿ ತುಂಡುಗಳನ್ನು 15-20 ನಿಮಿಷ ಮುಳುಗಿಸಿಡಿ. ಅಂಟುವಾಳದ ನೊರೆಯೂ ಉಣ್ಣೆಗೆ ಒಳ್ಳೆಯದೇ, ನಮ್ಮ ಅಜ್ಜಿಯಂದಿರು ಪಟ್ಟೆ ಸೀರೆಗೆ, ಅಂದರೆ ರೇಷ್ಮೆ ಸೀರೆಗೆ, ಅದನ್ನೇ ಹಾಕುತ್ತಿದ್ದರು. ಆದರೆ ಬಿಳಿ ಬಟ್ಟೆಗೆ ಬೇಡ, ತುಸು ಕಂದು ಛಾಯೆ ಬರಬಹುದು. ನಿಮ್ಮ ಬಾವಿ ಅಥವಾ ಬೋರ್‌ವೆಲ್ ನೀರು ಬಕೆಟ್ಟಿನ ಅಡಿಯಲ್ಲಿ ಕೆಂಪು ಕಲೆ ಕೂರಿಸುವಂಥದ್ದಾದರೆ ಅದು ಕಬ್ಬಿಣದ ಅಂಶ. ಬಿಳಿ, ತಿಳಿಬಣ್ಣದ ಉಣ್ಣೆಗೆ ಅದು ಹಿಡಿಯುತ್ತದೆ. ನಳ್ಳಿ ನೀರೋ, ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರೋ ಬಳಸಿ.

ಉಜ್ಜಬೇಡಿ. ಹಿಂಡಬೇಡಿ. ಬಿಸಿನೀರಿನಿಂದ ತಣ್ಣೀರಿಗೆ ಹಾಕಬೇಡಿ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯ ಹಾಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿ, ತಿಕ್ಕಾಟ, ಸೋಪು ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ದಪ್ಪ ಕಂಬಳಿಯಂತಾಗಿ ಕುಗ್ಗುತ್ತದೆ. ಅದನ್ನು ಹಿಂದಕ್ಕೆ ತರುವ ದಾರಿ ಇಲ್ಲ.

ನೀರಿನಿಂದ ತೆಗೆಯುವಾಗ ಎರಡೂ ಅಂಗೈ ಅಡಿಗೆ ಹಿಡಿದು ಎತ್ತಿ. ಒಂದು ತುದಿ ಹಿಡಿದು ಎತ್ತಿದರೆ ನೀರಿನ ಭಾರಕ್ಕೇ ಉದ್ದ ಜಗ್ಗುತ್ತದೆ. ಬೈರಾಸಿನ ಮೇಲೆ ಹರವಿ, ಬೈರಾಸಿನ ಸಮೇತ ಚಾಪೆಯಂತೆ ಸುತ್ತಿ, ಮೇಲೆ ಅಂಗಾಲಿನಿಂದ ಮೆಲ್ಲಗೆ ಒತ್ತಿ. ಎರಡನೆಯ ಬೈರಾಸಿನಲ್ಲಿ ಇನ್ನೊಮ್ಮೆ.

ಈಗ ಚಾಪೆಯ ಮೇಲೆ ಹಪ್ಪಳ ಹರವಿದ ಹಾಗೆ ಸಪಾಟಾಗಿ ಹರವಿ, ಟೇಪು ಹಿಡಿದು ಬೇಕಾದ ಅಳತೆಗೆ ಕೈಯಿಂದ ತಟ್ಟಿ ತಟ್ಟಿ ತನ್ನಿ. ಎಳೆಯುವುದಲ್ಲ, ತಟ್ಟುವುದು. ಗುಂಡುಸೂಜಿಗಳನ್ನು ಎರಡೆರಡು ಬೆರಳು ಅಂತರಕ್ಕೆ ಚುಚ್ಚಿ. ದೂರ ದೂರ ಚುಚ್ಚಿದರೆ ಅಂಚು ಅಲೆ ಅಲೆಯಾಗಿ ಒಣಗುತ್ತದೆ. ರಿಬ್ ಭಾಗವನ್ನು ಮಾತ್ರ ಹಿಗ್ಗಿಸಿ ಚುಚ್ಚಬೇಡಿ, ಅದರ ಬಿಗಿಯೇ ಹೋಗುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಒಣಗಲಿ. ಬಿಸಿಲಿಗೆ ಬಣ್ಣ ಮಾಸುತ್ತದೆ, ಬಿಳಿ ಉಣ್ಣೆ ಹಳದಿಯಾಗುತ್ತದೆ.

ಎಷ್ಟು ಹೊತ್ತು? ಡಿಸೆಂಬರ್, ಜನವರಿಯಲ್ಲಿ ಹೆಚ್ಚಾಗಿ ಒಂದು ದಿನ ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ದಿನವೆಂದೇ ಲೆಕ್ಕ ಹಾಕಿ, ಅರ್ಧ ಒಣಗಿದ ಮೇಲೆ ಮಗುಚಿ ಹಾಕಿ, ಅಡಿಯ ಬೈರಾಸು ಬದಲಿಸಿ. ಇಲ್ಲಿ ಒಂದು ಮೋಸವಿದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಎನ್ನಿಸುವುದಿಲ್ಲ. ಬೆರಳಿನಲ್ಲಿ ಮುಟ್ಟಿ "ಒಣಗಿದೆ" ಎನ್ನಬೇಡಿ, ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ತೇವ ಇದೆ, ಬಿಡಿ ಇನ್ನೊಂದು ರಾತ್ರಿ. ತೇವದಲ್ಲೇ ಹೊಲಿದರೆ ದಪ್ಪವಿರುವ ಹೊಲಿಗೆಯ ಜಾಗವೇ ಮುಗ್ಗಲು ಹಿಡಿಯುತ್ತದೆ.

ಅಕ್ರಿಲಿಕ್ ಆದರೆ ತೊಳೆದು ಹರವಿದರೆ ಸಾಕು, ಬೇಗ ಒಣಗುತ್ತದೆ. ಅದಕ್ಕೆ ಇಸ್ತ್ರಿಪೆಟ್ಟಿಗೆ ತಾಗಿಸಲೇಬೇಡಿ. ಒಂದು ಸಲ ಕಾವು ಹತ್ತಿದ ಅಕ್ರಿಲಿಕ್ ಪುಟಿಯುವ ಗುಣ ಕಳೆದುಕೊಂಡು ಜೋಲುತ್ತದೆ, ಮತ್ತೆ ಸರಿಯಾಗುವುದಿಲ್ಲ. ಅಂಚು ತೀರಾ ಸುರುಳಿ ಸುತ್ತಿದರೆ ಸ್ಟೀಮ್ ಇಸ್ತ್ರಿಯನ್ನು ಎರಡು ಮೂರು ಬೆರಳು ಮೇಲೆಯೇ ಹಿಡಿದು, ಹಬೆ ಮಾತ್ರ ಕ್ಷಣ ಹೊತ್ತು ತಾಗುವಂತೆ ಮಾಡಿ, ತಣಿಯುವ ತನಕ ಕದಲಿಸದೆ ಬಿಡಿ. ಮೊದಲು ಅಳತೆಗೆಂದು ಹೆಣೆದ ಮಾದರಿ ಚೂರಿನ ಮೇಲೆ ಮಾಡಿ ನೋಡಿ.

ಹಂತ 3: ಯಾವುದು ಮೊದಲು?

ಹೆಗಲು, ಆಮೇಲೆ ಕುತ್ತಿಗೆ ಪಟ್ಟಿ, ಆಮೇಲೆ ತೋಳು ಕೂರಿಸುವುದು, ಕಡೆಗೆ ತೋಳಿನ ಅಡಿಯ ಹೊಲಿಗೆ ಮತ್ತು ಪಕ್ಕದ ಹೊಲಿಗೆ ಒಂದೇ ಓಟದಲ್ಲಿ. ಬಟ್ಟೆ ಆದಷ್ಟು ಹೊತ್ತು ಸಪಾಟಾಗಿಯೇ ಮೇಜಿನ ಮೇಲೆ ಮಲಗಿರಲಿ ಎಂಬುದೇ ಈ ಕ್ರಮಕ್ಕೆ ಕಾರಣ.

ವೃತ್ತ ಕಡ್ಡಿ, ಅಂದರೆ ನಡುವೆ ವಯರಿರುವ ಕಡ್ಡಿ, ಇಲ್ಲದವರು ಎರಡು ಉದ್ದ ಕಡ್ಡಿಯಲ್ಲೇ ಕುತ್ತಿಗೆ ಮಾಡುವುದಾದರೆ ಒಂದು ಹೆಗಲನ್ನು ಮಾತ್ರ ಹೊಲಿದುಕೊಳ್ಳಿ. ಕುತ್ತಿಗೆ ಪಟ್ಟಿ ಹೆಣೆದು ಮುಗಿದ ಮೇಲೆ ಇನ್ನೊಂದು ಹೆಗಲನ್ನೂ ಪಟ್ಟಿಯ ಅಂಚನ್ನೂ ಸೇರಿಸಿ ಹೊಲಿಯಿರಿ. ಎರಡೂ ಹೆಗಲು ಹೊಲಿದು ಆಮೇಲೆ ಕಡ್ಡಿ ತೂರುವುದಿಲ್ಲವೆಂದು ಕಷ್ಟಪಟ್ಟವರು ತುಂಬ ಮಂದಿ.

ಹಂತ 4: ಹೆಗಲು

ಇಡೀ ಸ್ವೆಟರಿನ ಭಾರ ನೇತಾಡುವುದು ಈ ಎರಡು ಹೊಲಿಗೆಗಳ ಮೇಲೆ. ಆದ್ದರಿಂದ ಇಲ್ಲಿ ಗಟ್ಟಿತನ ಮುಖ್ಯ. ಎರಡೂ ತುಂಡಿನ ಮುಚ್ಚಿದ (ಕಡೆಯ ಸಾಲಿನ ಕುಣಿಕೆಗಳನ್ನು ಬಿಚ್ಚದಂತೆ ಮುಗಿಸಿದ) ಅಂಚುಗಳನ್ನು ಎದುರುಬದುರು, ಸೀದಾ ಬದಿ ಮೇಲೆ ಬರುವಂತೆ ಇಡಿ. ಅಂಚಿನ ಕೆಳಗೇ ಪ್ರತಿ ಕುಣಿಕೆಯೂ ಬಾಣದ ತುದಿಯ ಹಾಗೆ ಕಾಣುತ್ತದೆ, ಅದರ ಎರಡು ಕಾಲುಗಳನ್ನೂ ಸೇರಿಸಿ ಸೂಜಿ ತೂರಿಸಿ. ಆಚೆ ಬದಿಯ ಒಂದು ಕುಣಿಕೆ, ಈಚೆ ಬದಿಯ ಒಂದು ಕುಣಿಕೆ. ನೂಲನ್ನು ಎಳೆಯುವ ಬಿಗಿ ಹೆಣಿಗೆಯ ಕುಣಿಕೆಯಷ್ಟೇ ಇರಲಿ. ಹೊಲಿದದ್ದು ಇನ್ನೊಂದು ಸಾಲು ಹೆಣೆದಂತೆ ಕಾಣಬೇಕು. ಮುಚ್ಚಿದ ಅಂಚು ಒಳಕ್ಕೆ ಮಡಚಿ ಹೋಗಿ ಹೆಗಲಿಗೆ ಬೆನ್ನೆಲುಬಿನ ಹಾಗೆ ನಿಲ್ಲುತ್ತದೆ.

ಕುಣಿಕೆಗಳನ್ನು ಮುಚ್ಚದೆ ಹಾಗೇ ಸೂಜಿಯಿಂದ ಹೆಣೆದಂತೆ ಜೋಡಿಸುವ ವಿಧಾನವೂ ಇದೆ, ಕಾಲುಚೀಲದ ತುದಿಗೆ ಅದು ಬಹಳ ಚೆಂದ. ದೊಡ್ಡವರ ಸ್ವೆಟರಿನ ಹೆಗಲಿಗೆ ಅದನ್ನು ನಾನು ಮಾಡುವುದಿಲ್ಲ, ಒಂದು ವರ್ಷದಲ್ಲಿ ಹೆಗಲು ಮೊಣಕೈಯತ್ತ ಇಳಿಯುತ್ತದೆ.

ಹಂತ 5: ಪಕ್ಕದ ಹೊಲಿಗೆ, ಅಂದರೆ ಮ್ಯಾಟ್ರೆಸ್ ಸ್ಟಿಚ್

ಇದೊಂದನ್ನು ಕಲಿತರೆ ಮುಕ್ಕಾಲು ಭಾಗ ಕಲಿತಂತೆ. ಸರದಿಯಲ್ಲಿ ಇದು ತೋಳು ಕೂರಿಸಿದ ಮೇಲೆ ಬರುತ್ತದೆ, ಆದರೆ ಕಲಿಯುವುದು ಇದನ್ನೇ ಮೊದಲು, ಮಾದರಿ ಚೂರಿನ ಮೇಲೆ. ಟೈಲರ್ ಬಟ್ಟೆ ಹೊಲಿಯುವಂತೆ ಸೀದಾ ಬದಿಗಳನ್ನು ಒಳಗಿಟ್ಟು ಉಲ್ಟಾ ಬದಿಯಿಂದ ಹೊಲಿಯುವುದು ಹೆಚ್ಚಿನವರ ಅಭ್ಯಾಸ. ಹಾಗೆ ಹೊಲಿದರೆ ಹೊರಗೆ ಹೇಗೆ ಕಾಣುತ್ತದೆಂದು ಮುಗಿಯುವ ತನಕ ಗೊತ್ತಾಗುವುದಿಲ್ಲ. ಮ್ಯಾಟ್ರೆಸ್ ಸ್ಟಿಚ್‌ನಲ್ಲಿ ಎರಡೂ ತುಂಡುಗಳ ಸೀದಾ ಬದಿ ನಿಮ್ಮ ಕಣ್ಣೆದುರೇ ಇರುತ್ತದೆ.

ಎರಡು ತುಂಡುಗಳನ್ನು ಪಕ್ಕಪಕ್ಕ, ಸೀದಾ ಬದಿ ಮೇಲಾಗಿ ಇಡಿ. ನೂಲು ಒಂದು ಮೊಳಕ್ಕಿಂತ ಉದ್ದ ಬೇಡ, ಬಟ್ಟೆಯೊಳಗೆ ಮತ್ತೆ ಮತ್ತೆ ಓಡಿ ಸವೆದು ತುಂಡಾಗುತ್ತದೆ. ಅಡಿಯ ಮೂಲೆಯಲ್ಲಿ ಮೊದಲು ಬಲ ತುಂಡಿನ ಅಡಿಯಿಂದ ಮೇಲಕ್ಕೆ, ಆಮೇಲೆ ಎಡ ತುಂಡಿನ ಅಡಿಯಿಂದ ಮೇಲಕ್ಕೆ, ಪುನಃ ಬಲಕ್ಕೆ: ಹೀಗೆ ಇಂಗ್ಲಿಷಿನ 8ರ ಆಕಾರದಲ್ಲಿ ನೂಲು ಸುತ್ತಿದರೆ ಎರಡೂ ಅಂಚು ಒಂದೇ ಸಮಕ್ಕೆ ನಿಲ್ಲುತ್ತವೆ.

ಈಗ ಅಂಚಿನ ಮೊದಲ ಕುಣಿಕೆಯನ್ನೂ ಎರಡನೆಯ ಕುಣಿಕೆಯನ್ನೂ ಬೆರಳಿನಿಂದ ಅಡ್ಡಕ್ಕೆ ಮೆಲ್ಲಗೆ ಅಗಲಿಸಿ ನೋಡಿ. ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ, ಸಾಲಿಗೆ ಒಂದರಂತೆ. ಅದೇ ನಿಮ್ಮ ದಾರಿ. ಬಲ ತುಂಡಿನ ಎರಡು ಮೆಟ್ಟಿಲಿನ ಅಡಿಯಿಂದ ಸೂಜಿ ತೂರಿಸಿ. ಎಡ ತುಂಡಿನ ಎರಡು ಮೆಟ್ಟಿಲಿನ ಅಡಿಯಿಂದ ತೂರಿಸಿ. ಮತ್ತೆ ಬಲಕ್ಕೆ ಬರುವಾಗ ಕಳೆದ ಸಲ ಸೂಜಿ ಹೊರಬಂದ ಅದೇ ತೂತಿನೊಳಗೆ ಸೂಜಿ ಇಳಿಸಿ ಮುಂದಿನ ಎರಡು ಮೆಟ್ಟಿಲು ಎತ್ತಿ. ಐದಾರು ಸಲ ಹೀಗೆ ಸಡಿಲವಾಗಿಯೇ ಹೋಗಿ. ಆಮೇಲೆ ನೂಲನ್ನು ಹೊಲಿಗೆಯ ಉದ್ದಕ್ಕೇ, ನಿಮ್ಮ ಎದೆಯತ್ತ ಅಲ್ಲ, ಮೆಲ್ಲಗೆ ಎಳೆಯಿರಿ. ಎರಡು ತುಂಡುಗಳೂ ಓಡಿ ಬಂದು ಕೂಡಿಕೊಳ್ಳುತ್ತವೆ, ಅಂಚುಗಳು ಒಳಕ್ಕೆ ತಿರುಗುತ್ತವೆ, ನೂಲು ಕಾಣೆಯಾಗುತ್ತದೆ. ಮಂಗಳೂರು ಹಂಚಿನ ಒಂದರ ತುಟಿ ಇನ್ನೊಂದರ ಚಡಿಯಲ್ಲಿ ಕೂತಂತೆ. ಮೊದಲ ಸಲ ನೋಡಿದವರ ಮುಖ ಅರಳುವುದನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಎಷ್ಟು ಬಿಗಿ? ಮಲ್ಲಿಗೆ ಕಟ್ಟುವವರ ಕೈ ನೆನಪಿಸಿಕೊಳ್ಳಿ. ಬಾಳೆನಾರು ಸಡಿಲವಾದರೆ ಹೂ ಉದುರುತ್ತದೆ, ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ. ಇಲ್ಲೂ ಅಂಚು ಕೂಡುವಷ್ಟು ಮಾತ್ರ ಎಳೆದು, ಕೂಡಲೇ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಉದ್ದಕ್ಕೆ ಸ್ವಲ್ಪ ಜಗ್ಗಿ. ಹೆಣಿಗೆ ಹಿಗ್ಗುವಷ್ಟು ಹೊಲಿಗೆಯೂ ಹಿಗ್ಗಬೇಕು. ಜಗ್ಗಿ ನೋಡದಿದ್ದರೆ ತೊಡುವಾಗ ಕಂಕುಳಿನ ಹತ್ತಿರ ನೂಲು ತುಂಡಾಗುತ್ತದೆ.

ಎಡವುವ ಜಾಗಗಳು ಇವು. ಹೊಲಿಯುತ್ತ ಹೊಲಿಯುತ್ತ ಗೊತ್ತಿಲ್ಲದೆ ಪಕ್ಕದ ಕುಣಿಕೆಯ ಸಾಲಿಗೆ ಜಾರುವುದು. ಹೊರಗೆ ನೋಡಿದರೆ ಹೊಲಿಗೆ ಓರೆಯಾಗಿ ಹರಿದಿರುತ್ತದೆ. ಕಪ್ಪು, ಕಡುನೀಲಿ ನೂಲಿನಲ್ಲಿ ಇದು ಹೆಚ್ಚು. ಟ್ಯೂಬ್‌ಲೈಟಿನಲ್ಲಿ ಹೊಲಿಯಬೇಡಿ, ಬೆಳಿಗ್ಗೆ ಜಗಲಿಯಲ್ಲಿ ಕೂತು ಹೊಲಿಯಿರಿ. ಕಣ್ಣಿಗೆ ಕಷ್ಟವಾದರೆ ಬಿಳಿ ದಾರವನ್ನು ಮೊದಲೇ ಆ ಏಣಿಯ ಉದ್ದಕ್ಕೆ ಕಚ್ಚಾ ಹೊಲಿಗೆಯಾಗಿ ಓಡಿಸಿ, ಅದರ ಜಾಡು ಹಿಡಿಯಿರಿ, ಆಮೇಲೆ ಎಳೆದು ತೆಗೆಯಿರಿ. ಒಂದು ತುಂಡಿನಲ್ಲಿ ಎರಡು ಸಾಲು ಹೆಚ್ಚಿದ್ದರೆ ಎಲ್ಲವನ್ನೂ ಕಡೆಗೆ ಒಂದೇ ಕಡೆ ತುರುಕಬೇಡಿ. ನಡುನಡುವೆ ಎರಡು ಜಾಗದಲ್ಲಿ ಉದ್ದದ ಬದಿಯಿಂದ ಎರಡು ಮೆಟ್ಟಿಲು, ಗಿಡ್ಡದ ಬದಿಯಿಂದ ಒಂದೇ ಮೆಟ್ಟಿಲು ಎತ್ತಿದರೆ ಯಾರಿಗೂ ಕಾಣದೆ ಕರಗಿಹೋಗುತ್ತದೆ.

ಹೆಣಿಗೆ ಬೇರೆಯಾದರೆ ಮೆಟ್ಟಿಲೂ ಬೇರೆ. ದಪ್ಪ ನೂಲಿಗೆ ಒಂದು ಕುಣಿಕೆಯ ಬದಲು ಅರ್ಧ ಕುಣಿಕೆ ಮಾತ್ರ ಒಳಗೆ ಹೋಗಲಿ, ಒಂದೊಂದೇ ಎಳೆ ಎತ್ತಿ. ಇಲ್ಲದಿದ್ದರೆ ಪಕ್ಕದಲ್ಲಿ ಹಗ್ಗ ಇಟ್ಟಂತಾಗುತ್ತದೆ. ಗಾರ್ಟರ್‌ಗೆ ಏಣಿ ಹುಡುಕಬೇಡಿ, ಒಂದು ಬದಿಯ ದಿಣ್ಣೆಯ ಕೆಳಗಿನ ಗಂಟು, ಇನ್ನೊಂದು ಬದಿಯ ದಿಣ್ಣೆಯ ಮೇಲಿನ ಗಂಟು, ಹೀಗೆ ಹಿಡಿಯುತ್ತ ಹೋಗಿ. ಸೊಂಟದ ರಿಬ್‌ನಲ್ಲಿ ಎರಡೂ ಅಂಚಿಗೆ ಸೀದಾ ಕುಣಿಕೆ ಬಂದಿದ್ದರೆ ಎರಡು ಬದಿಯಿಂದಲೂ ಅರ್ಧರ್ಧ ಕುಣಿಕೆ ಒಳಗೆ ಹಾಕಿ. ಎರಡು ಅರ್ಧ ಸೇರಿ ಒಂದು ಪೂರ್ತಿ ಕುಣಿಕೆಯಾಗಿ ಪಟ್ಟಿ ತಪ್ಪದೆ ಮುಂದುವರಿಯುತ್ತದೆ.

ಹಂತ 6: ಕುತ್ತಿಗೆ ಪಟ್ಟಿ

ಕುತ್ತಿಗೆಯ ಅಂಚಿನಿಂದ ಹೊಸದಾಗಿ ಕುಣಿಕೆ ಎತ್ತುವಾಗ ಅಡ್ಡ ಮುಚ್ಚಿದ ಜಾಗದಲ್ಲಿ ಕುಣಿಕೆಗೆ ಕುಣಿಕೆ, ಉದ್ದ ಏರುವ ಜಾಗದಲ್ಲಿ ನಾಲ್ಕು ಸಾಲಿಗೆ ಮೂರು ಕುಣಿಕೆ. ಯಾಕೆಂದರೆ ಹೆಣಿಗೆಯಲ್ಲಿ ಕುಣಿಕೆಯ ಅಗಲ ಅದರ ಎತ್ತರಕ್ಕಿಂತ ಹೆಚ್ಚು. 10 ಸೆಂ.ಮೀ.ಗೆ 22 ಕುಣಿಕೆ ಬಂದರೆ ಸಾಲು ಸುಮಾರು 30 ಬರುತ್ತದೆ. ಎಲ್ಲ ಸಾಲಿನಿಂದಲೂ ಎತ್ತಿದರೆ ಪಟ್ಟಿ ಸೆರಗಿನ ಹಾಗೆ ನಿರಿಗೆ ಬೀಳುತ್ತದೆ, ಅರ್ಧದಷ್ಟೇ ಎತ್ತಿದರೆ ಕುತ್ತಿಗೆ ಸುಕ್ಕುಗಟ್ಟುತ್ತದೆ. ದೊಡ್ಡ ತೂತು ಕಂಡಲ್ಲಿ ಕಡ್ಡಿ ಹಾಕಬೇಡಿ, ಆ ತೂತು ಇನ್ನೂ ದೊಡ್ಡದಾಗುತ್ತದೆ. ಪಕ್ಕದ ಗಟ್ಟಿ ಕುಣಿಕೆಯಿಂದ ಎತ್ತಿ.

ಮುಚ್ಚುವಾಗ ಒಂದು ನಂಬರ್ ದಪ್ಪ ಕಡ್ಡಿ ಬಳಸಿ ಸಡಿಲವಾಗಿ ಮುಚ್ಚಿ. ಕೂಸಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆ ದೊಡ್ಡದು. ಒಂದು ವರ್ಷದೊಳಗಿನ ಮಕ್ಕಳಿಗೆ ಹೆಗಲಿನಲ್ಲೇ ಗುಂಡಿ ಇಟ್ಟು ಬಿಚ್ಚುವಂತೆ ಮಾಡುವುದು ನನ್ನ ಅಭ್ಯಾಸ. ಕುತ್ತಿಗೆಗೆ ಲಾಡಿ, ರಿಬ್ಬನ್ ಬೇಡವೇ ಬೇಡ, ಮಗು ಮಲಗಿದಾಗ ಸಿಕ್ಕಿಕೊಂಡು ಬಿಗಿಯುವ ಅಪಾಯವಿದೆ. ಕುಲಾವಿಗೂ ಅದೇ ಮಾತು.

ಹಂತ 7: ತೋಳು ಕೂರಿಸುವುದು

ತೋಳಿನ ತುದಿಯ ನಡುಭಾಗವನ್ನು ಹೆಗಲಿನ ಹೊಲಿಗೆಗೆ ಒಂದು ಪಿನ್ನಿನಿಂದ ಸಿಕ್ಕಿಸಿ. ಎರಡು ಕೊನೆಗಳನ್ನು ಕಂಕುಳಿನ ಎರಡು ಬದಿಗೆ ಸಿಕ್ಕಿಸಿ. ನಡುವೆ ಉಳಿದದ್ದನ್ನು ಮತ್ತೆ ಅರ್ಧ ಮಾಡಿ ಸಿಕ್ಕಿಸಿ. ಹೊಲಿಗೆಯನ್ನು ಹೆಗಲಿನಿಂದ ಕೆಳಕ್ಕೆ ಒಂದು ಬದಿ, ಪುನಃ ಹೆಗಲಿನಿಂದ ಕೆಳಕ್ಕೆ ಇನ್ನೊಂದು ಬದಿ ಮಾಡಿ. ಒಂದು ಕಂಕುಳಿನಿಂದ ಶುರು ಮಾಡಿ ಇನ್ನೊಂದಕ್ಕೆ ಹೋದರೆ ಕಡೆಯಲ್ಲಿ ಬಟ್ಟೆ ಉಳಿದುಬಿಡುತ್ತದೆ. ತುದಿಯಲ್ಲಿ ಕುಣಿಕೆ ಸಾಲಿಗೆ ಸೇರುವ ಜಾಗದಲ್ಲಿ ಅದೇ ಮೂರಕ್ಕೆ ನಾಲ್ಕರ ಲೆಕ್ಕ: ಮೂರು ಕುಣಿಕೆಗೆ ನಾಲ್ಕು ಮೆಟ್ಟಿಲು. ತೋಳು ಸ್ವಲ್ಪ ದೊಡ್ಡದೆನಿಸಿದರೆ ಆ ಹೆಚ್ಚಿನ ಬಟ್ಟೆಯನ್ನು ಹೆಗಲಿನ ಎರಡು ಬದಿಗೆ ಹಂಚಿ, ಕಂಕುಳಿನತ್ತ ತಳ್ಳಬೇಡಿ.

ತೋಳು ಕೂತ ಮೇಲೆ ಮಣಿಕಟ್ಟಿನಿಂದ ಕಂಕುಳಿಗೆ, ಸೊಂಟದಿಂದ ಕಂಕುಳಿಗೆ ಮ್ಯಾಟ್ರೆಸ್ ಸ್ಟಿಚ್. ನಾಲ್ಕು ಹೊಲಿಗೆ ಸೇರುವ ಕಂಕುಳಿನ ಮೂಲೆಯಲ್ಲಿ ತೂತು ಉಳಿದರೆ ಒಳಬದಿಯಿಂದ ಸುತ್ತಲಿನ ನಾಲ್ಕೈದು ಎಳೆಗಳನ್ನು ಹಿಡಿದು ನೂಲನ್ನು ವೃತ್ತವಾಗಿ ಓಡಿಸಿ ಮೆಲ್ಲಗೆ ಬಿಗಿಯಿರಿ.

ಹಂತ 8: ನೂಲಿನ ಬಾಲಗಳು

ಗಂಟು ಹಾಕಬೇಡಿ. ಗಂಟು ಒಂದು ದಿನ ಹೊರಬದಿಗೆ ತಲೆ ಹಾಕುತ್ತದೆ, ಕೂಸಿನ ಮೈಗೆ ಒತ್ತುತ್ತದೆ. ಬಾಲವನ್ನು ಸೂಜಿಗೆ ಪೋಣಿಸಿ ಹೊಲಿಗೆಯ ಒಳಅಂಚಿನಲ್ಲಿ 5-6 ಸೆಂ.ಮೀ. ಓಡಿಸಿ, ತಿರುಗಿಸಿ ಸ್ವಲ್ಪ ಹಿಂದಕ್ಕೆ ಓಡಿಸಿ. ಅಕ್ರಿಲಿಕ್ ಜಾರುತ್ತದೆ, ಅದನ್ನು ಮೂರು ಸಲ ದಿಕ್ಕು ಬದಲಿಸಿ. ಹತ್ತಿಯನ್ನು ಎಳೆ ಬಿಡಿಸಿ ಎರಡು ಪಾಲು ಮಾಡಿ ಬೇರೆ ಬೇರೆ ದಿಕ್ಕಿಗೆ ಕಳಿಸಿದರೆ ದಪ್ಪ ಕಾಣುವುದಿಲ್ಲ. ಒಂದೇ ಜಾಗದಲ್ಲಿ ಎರಡು ಬಾಲ ಇದ್ದರೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಬುಡಕ್ಕೆ ಕತ್ತರಿಸಬೇಡಿ. ಅರ್ಧ ಸೆಂಟಿಮೀಟರ್ ಬಿಟ್ಟು, ಒಂದು ಒಗೆತ ಆದ ಮೇಲೆ ಉಳಿದದ್ದನ್ನು ಕತ್ತರಿಸಿ.

ಹಂತ 9: ಗುಂಡಿ, ಕಾಜಾ

ಗುಂಡಿಯನ್ನು ಕೊಂಡ ಮೇಲೆ ಕಾಜಾ ಹೆಣೆಯಿರಿ, ಕಾಜಾ ಹೆಣೆದು ಗುಂಡಿ ಹುಡುಕಲು ಹೊರಡಬೇಡಿ. ಕಾಜಾ ಬಳಸುತ್ತ ಬಳಸುತ್ತ ಹಿಗ್ಗುವುದರಿಂದ ಮೊದಲಿಗೆ ತುಸು ಬಿಗಿಯೇ ಇರಲಿ. ಅಂತರ ಹೀಗೆ: ಪಟ್ಟಿ 40 ಸೆಂ.ಮೀ., ಗುಂಡಿ ಐದು ಎಂದಾದರೆ ಮೇಲೆ 2, ಕೆಳಗೆ 2 ಬಿಟ್ಟರೆ ಉಳಿದದ್ದು 36, ನಡುವಿನ ಸಂದು ನಾಲ್ಕು, ಆದ್ದರಿಂದ 9 ಸೆಂ.ಮೀ.ಗೆ ಒಂದು.

ಗುಂಡಿಯ ಹಿಂದೆ, ಒಳಬದಿಗೆ ಒಂದು ಸಣ್ಣ ಚಪ್ಪಟೆ ಗುಂಡಿ ಇಟ್ಟು ಎರಡನ್ನೂ ಸೇರಿಸಿ ಹೊಲಿದರೆ ಹೆಣಿಗೆ ಹರಿಯುವುದಿಲ್ಲ. ನಮ್ಮ ಉಪ್ಪುಗಾಳಿಗೆ ಲೋಹದ ಗುಂಡಿ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್, ಮರ ಅಥವಾ ಗೆರಟೆಯ ಗುಂಡಿ ಒಳ್ಳೆಯದು. ಕೂಸಿನ ಬಟ್ಟೆಯ ಗುಂಡಿಯನ್ನು ಹೊಲಿದ ಮೇಲೆ ಬಲವಾಗಿ ಎಳೆದು ನೋಡಿ. ಕಿತ್ತು ಬಂದರೆ ಅದು ಹೋಗುವುದು ಮಗುವಿನ ಬಾಯಿಗೆ.

ಹೊಲಿದದ್ದು ಸರಿಯಾಗದಿದ್ದರೆ

ಬಿಚ್ಚಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಅವಸರದಲ್ಲಿ ಕತ್ತರಿ ಹಾಕಬೇಡಿ, ಹೊಲಿಗೆಯ ನೂಲೆಂದು ಹೆಣಿಗೆಯ ಎಳೆಯನ್ನೇ ಕತ್ತರಿಸಿದರೆ ಕುಣಿಕೆಗಳು ಕೆಳಗಿನ ತನಕ ಜಾರುತ್ತವೆ. ಎರಡು ತುಂಡುಗಳನ್ನು ಅಗಲಿಸಿ ಹಿಡಿದರೆ ನಡುವೆ ಹೊಲಿಗೆಯ ನೂಲು ಮಾತ್ರ ಬಿಗಿಯಾಗಿ ನಿಲ್ಲುತ್ತದೆ. ಅದನ್ನು ಮೊಂಡು ಸೂಜಿಯಿಂದ ಎತ್ತಿ, ಎತ್ತಿದ ಎಳೆ ಅದೇ ಎಂದು ಖಾತ್ರಿಯಾದ ಮೇಲೆ ಕತ್ತರಿಸಿ. ನಾಲ್ಕೈದು ಹೊಲಿಗೆಗೆ ಒಂದು ಸಲ ಕತ್ತರಿಸಿ ಎಳೆದರೆ ಸಾಕು.

ಹಂತ 10: ಕಡೆಯ ಒಗೆತ ಮತ್ತು ಕಾಪಿಡುವುದು

ಜೋಡಿಸಿದ ಮೇಲೆ ಇನ್ನೊಮ್ಮೆ ನೆನೆಸಿ ಹರವಿ. ಹೊಲಿಗೆಯ ಒಳಅಂಚು ಈಗ ಸಪಾಟಾಗುತ್ತದೆ. ಎಂದೂ ಹ್ಯಾಂಗರಿಗೆ ತೂಗುಹಾಕಬೇಡಿ, ಸೋಣೆ ಮಳೆಯ ದಿನ ಒಳಗೆ ಕಟ್ಟಿದ ಹಗ್ಗಕ್ಕೂ ಬೇಡ.

ಮಳೆಗಾಲ ಕಳೆಯುವ ತನಕ ಇಡುವುದಾದರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಬೇಡಿ, ಒಳಗಿದ್ದ ಅಲ್ಪ ತೇವವೇ ಬೂಸ್ಟು ಹಿಡಿಸಲು ಸಾಕು. ಹಳೆಯ ಹತ್ತಿ ವೇಷ್ಟಿಯಲ್ಲಿ ಸುತ್ತಿ, ಒಣಗಿದ ಬೇವಿನೆಲೆಯೋ ಲಾವಂಚದ ಬೇರೋ ಇಟ್ಟು ಮಡಚಿಡಿ. ಉಣ್ಣೆಯನ್ನು ಹುಳ ತಿನ್ನುತ್ತದೆ, ಅಕ್ರಿಲಿಕ್ ಅದಕ್ಕೆ ಬೇಡ. ಕೂಸಿನ ಬಟ್ಟೆಗಳ ನಡುವೆ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್ ಗುಳಿಗೆ, ಇಡಲೇಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ಅದರ ಆವಿ ತಾಗಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರುತ್ತದೆ. ನವರಾತ್ರಿಯ ಹೊತ್ತಿಗೆ ಬಿಸಿಲು ಬಿದ್ದ ಕೂಡಲೇ ತೆಗೆದು ನೆರಳುಗಾಳಿಗೆ ಒಂದು ದಿನ ಹರವಿ.

ಸ್ವೆಟರನ್ನು ಪಾರ್ಸೆಲ್ ಮಾಡುವ ಮುಂಚೆ ಉಳಿದ ನೂಲಿನಲ್ಲಿ ಮೂರು ನಾಲ್ಕು ಮಾರು ಕತ್ತರಿಸಿ, ಒಂದು ಹೆಚ್ಚಿನ ಗುಂಡಿಯ ಜೊತೆ ಸಣ್ಣ ಕವರಿನಲ್ಲಿ ಹಾಕಿ, ಮೇಲೆ "ತಣ್ಣೀರು, ಹಿಂಡಬಾರದು, ಮಲಗಿಸಿ ಒಣಗಿಸಿ" ಎಂದು ಬರೆದು ಒಳಗಿಡಿ. ಮಗಳು ಅಲ್ಲಿ ವಾಷಿಂಗ್ ಮೆಷಿನಿಗೆ ಹಾಕುವ ಮುಂಚೆ ಅದನ್ನು ಓದಲಿ.